ಕೂಗದೆ ಆರಿದ್ದು

ಹಸಿರು ದೀಪ ಒಮ್ಮೆ ಮಿನುಗಿತು, ಪ್ಲಾಸ್ಟಿಕ್ ಚೀಲದೊಳಗಿನಿಂದಲೇ, ಆಮೇಲೆ ಐದು ಸೆಕೆಂಡ್ ಏನೂ ಇಲ್ಲ, ಮತ್ತೆ ಮಿನುಗಿತು — ನಾನಿನ್ನೂ ಇದ್ದೇನೆ ಎಂದು ಹೇಳಲು ಅದರ ಸರ್ಕ್ಯೂಟ್ ಕಟ್ಟಿದ ಅವಳೇ ಅದಕ್ಕೆ ಕಲಿಸಿದ ರೀತಿ, ಐದು ಸೆಕೆಂಡಿಗೊಂದು ಸಲ, ಅದಕ್ಕಿಂತ ಹೆಚ್ಚು ಮಿನುಗಿದರೆ ಬ್ಯಾಟರಿ ತಿನ್ನುತ್ತದೆ. ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಕಿತ್ತಳೆ ಬಣ್ಣದ ಡಬ್ಬಿ, ಒಂದು ಮೂಲೆಯಲ್ಲಿ ಒಣಗಿದ ಕೆಸರು, ಒರೆಸಬಾರದು ಎಂದು ಚೀಲದ ಮೇಲೆ ಯಾರೋ ಬರೆದಿದ್ದಾರೆ, ಇದನ್ನು ಯಾರು ಒರೆಸುತ್ತಾರೆ. ವಿಷಗಾಳಿ ತಾಗಿದರೆ ಕೂಗುವ ಡಬ್ಬಿ, ಟ್ಯಾಂಕ್ ತೊಳೆಯಲು ಇಳಿಯುವವರು ಎದೆಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ, ಒಂಬತ್ತು ದಿನದ ಹಿಂದೆ ಇದನ್ನು ಸಿಕ್ಕಿಸಿಕೊಂಡು ಇಳಿದವನು ಹಗ್ಗದ ತುದಿಯಲ್ಲಿ ಹೆಣವಾಗಿ ಮೇಲೆ ಬಂದ. ಸಾವಿನ ವಿಚಾರಣೆಗೆ ನಾಲ್ಕು ಗಂಟೆಗೆ ರಿಪೋರ್ಟ್ ಬೇಕು, ಈಗ ಮೂರೂ ಹತ್ತು, ಮ್ಯಾನೇಜರ್ ಬೆಳಿಗ್ಗೆ ಮೇಜಿಗೆ ಎರಡು ಕೈ ಊರಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ, ನೋಡಮ್ಮ, ಆನ್ ಆಗುತ್ತೆ, ಆಫ್ ಆಗುತ್ತೆ, ಗ್ಯಾಸ್ ಹಿಡಿದ್ರೆ ಬಿಲ್ಡಿಂಗಿಗೆಲ್ಲ ಕೇಳೋ ಹಾಗೆ ಕೂಗುತ್ತೆ, ಇನ್ನೇನು ಬೇಕು, ದೋಷ ಇಲ್ಲ ಅಂತ ಎರಡು ಸಾಲು ಬರೆದು ಸಹಿ ಹಾಕು, ಮೇಲೆ ಹಗ್ಗ ಹಿಡಿದಿದ್ದವನು ಫೋನ್ ನೋಡ್ತಾ ಕೂತಿದ್ದ, ಕೇಳಿಸ್ಕೊಂಡಿಲ್ಲ, ಅಷ್ಟೇ ವಿಷಯ. ಮ್ಯಾನೇಜರ್ ಕೆಟ್ಟವರಲ್ಲ, ಅವರಿಗೆ ಗೊತ್ತಿಲ್ಲ, ಡಬ್ಬಿ ತಾನೇ ಬರೆದಿಟ್ಟ, ಈಗ ಕಂಪ್ಯೂಟರಿನ ಪರದೆಯ ಮೇಲಿರುವ ದಾಖಲೆಯ ಕೊನೆಯ ಸಾಲನ್ನು ಓದಲು ಅವರಿಗೆ ಬರುವುದಿಲ್ಲ. ಹತ್ತೂ ನಲವತ್ತೆರಡು, ಗಾಳಿ ಸರಿಯಿದೆ. ಅದಾದಮೇಲೆ ಖಾಲಿ. ಡಬ್ಬಿ ಪದ್ಧತಿಯ ಪ್ರಕಾರ ಆರಿದ್ದರೆ ಆರಿದೆ ಎಂದು ತಾನೇ ಒಂದು ಸಾಲು ಬರೆದಿಟ್ಟು ಆರಬೇಕು, ಬ್ಯಾಟರಿ ಮುಗಿದಿದ್ದರೆ ಮುಗಿಯಿತು ಎಂದು ಬರೆಯಬೇಕು, ಏನೂ ಬರೆಯದೆ ಆರುವುದಕ್ಕೆ ಇರುವುದು ಒಂದೇ ದಾರಿ, ಆ ದಾರಿಯನ್ನು ಮಾಡಿಕೊಟ್ಟವಳು ಅವಳೇ.

ಆರಿಸಿದರೆ ಆರಲೇಬೇಕು, ಅದು ಅವಳ ಹುಚ್ಚು, ಅಮ್ಮನಿಂದ ಬಂದದ್ದು — ಅಮ್ಮ ಬಸ್‌ಸ್ಟಾಪಿನವರೆಗೆ ಹೋಗಿ ವಾಪಸ್ ಬರುತ್ತಿದ್ದಳು, ಇಸ್ತ್ರಿಪೆಟ್ಟಿಗೆ ಆರಿಸಿದ್ನಾ, ಬೀಗ ತೆಗೆದು ಕೈಯಿಟ್ಟು ನೋಡಿ, ಮತ್ತೆ ಬೀಗ ಹಾಕಿ, ಮೂಲೆ ತಿರುಗುವಾಗ ಮತ್ತೊಮ್ಮೆ ನಿಂತು, ಗ್ಯಾಸ್? ಅಷ್ಟರಲ್ಲಿ ಬಸ್ಸು ಹೋಗಿಯೇ ಬಿಡುತ್ತಿತ್ತು, ತಡವಾಯಿತೆಂದು ಇವಳಿಗೆ ಶಾಲೆಯಲ್ಲಿ ದಿನಾ ಬೈಗುಳ. ಆರಿದೆಯೇ ಎಂದು ನೋಡುವವರ ಮನೆಯಲ್ಲಿ ಬೆಳೆದವಳು, ಉರಿಯುತ್ತಿದೆಯೇ ಎಂದು ನೋಡಬೇಕಾದ ವಸ್ತುಗಳೂ ಲೋಕದಲ್ಲಿವೆ ಎಂದು ಯಾರೂ ಹೇಳಿಕೊಡಲಿಲ್ಲ. ಡಬ್ಬಿಯನ್ನು ಆನ್ ಮಾಡುವ, ಆರಿಸುವ ಈ ಒಂದೇ ಬಟನ್ನಿಗಾಗಿ ಏನೆಲ್ಲ ಮಾಡಿದ್ದಳು, ಒಮ್ಮೆ ಒತ್ತಿದರೆ ಒಳಗಿನ ಲೋಹದ ತಗಡು ಹತ್ತಾರು ಸಲ ಅದುರುತ್ತದೆ, ಅಷ್ಟನ್ನೂ ಒಂದೇ ಒತ್ತು ಎಂದು ಸರ್ಕ್ಯೂಟ್ ತಿಳಿಯಬೇಕು, ಗ್ಲೌಸ್ ಹಾಕಿ ಒತ್ತಿದಳು, ನೀರಲ್ಲಿ ಅದ್ದಿ ಒತ್ತಿದಳು, ಫ್ರಿಜ್ಜಿನಲ್ಲಿಟ್ಟು ಒತ್ತಿದಳು, ಆಫೀಸಿನವರೆಲ್ಲ ಬಟನ್ ಮೇಡಂ ಎಂದು ಕರೆಯತೊಡಗಿದರು, ಮೇಡಂ, ನಮ್ಮ ಲಿಫ್ಟಿಗೂ ಒಂದು ಬಟನ್ ಮಾಡಿಕೊಡಿ, ಇದು ಒತ್ತಿದ್ರೆ ಬರೋದೇ ಇಲ್ಲ. ನಾಲ್ಕು ಸೆಕೆಂಡ್ ಒತ್ತಿ ಹಿಡಿದರೆ ಸಾಫ್ಟ್‌ವೇರ್ ಮೂರು ಸಲ ಕೂಗಿ, ದಾಖಲೆ ಬರೆದು, ಆಮೇಲೆ ಆರಿಸುತ್ತದೆ. ಸಾಫ್ಟ್‌ವೇರ್ ಏನು ಒತ್ತಿದರೂ ಓಗೊಡದೆ ಕಲ್ಲಾಗಿ ಕೂತುಬಿಟ್ಟಿದ್ದರೆ? ಅದಕ್ಕೂ ಇದೆ, ಎಂಟು ಸೆಕೆಂಡ್ ಹಿಡಿದರೆ ಸರ್ಕ್ಯೂಟೇ ಯಾರನ್ನೂ ಕೇಳದೆ ಬ್ಯಾಟರಿಯನ್ನು ಕತ್ತರಿಸುತ್ತದೆ. ನಾಲ್ಕು ಮೊದಲು, ಎಂಟು ಆಮೇಲೆ. ಇಷ್ಟೇ. ಮಗುವಿಗೂ ಅರ್ಥವಾಗುವ ಲೆಕ್ಕ.

ಎರಡು ಮೇಜಿನಾಚೆ ಸಾಫ್ಟ್‌ವೇರಿನವನು ಕೀಲಿಮಣೆ ಕುಟ್ಟುತ್ತಿದ್ದಾನೆ, ಏಳು ತಿಂಗಳಿಂದ ಮಾತಿಲ್ಲ, ಏನಿದ್ದರೂ ಮೇಲ್, ದಯವಿಟ್ಟು ಗಮನಿಸಿ ಎಂದು ಶುರುವಾಗುವ ಮೇಲ್, ಉಪ್ಪು ಕೇಳಲೂ ಮೇಲ್ ಮಾಡ್ತಾರೆ ಇಬ್ರೂ ಎಂದು ಊಟದ ಹೊತ್ತಿಗೆ ಉಳಿದವರು ನಗುತ್ತಾರೆ. ಡಬ್ಬಿಗಳು ಅಲ್ಲಲ್ಲಿ ಕಲ್ಲಾಗುತ್ತಿವೆ ಎಂದು ದೂರು ಬಂದಾಗ ಶುರುವಾದದ್ದು ಆ ಜಗಳ, ನಿಮ್ಮ ಬಟನ್ ಸರಿಯಿಲ್ಲ ಅಂದ, ನಿನ್ನ ಕೋಡು ಸರಿಯಿಲ್ಲ ಅಂದಳು, ಎಲ್ಲರ ಮುಂದೆ, ಬಟನ್ ಒಂದನ್ನ ಒಂದು ವರ್ಷ ಮಾಡಿದ್ದೀರಲ್ಲ ಮೇಡಂ, ನನ್ನ ಮಗಳು ಅಷ್ಟರಲ್ಲಿ ನಡೆಯೋಕೇ ಕಲಿತಳು ಅಂದ, ಎಲ್ಲರೂ ನಕ್ಕರು, ಅದು ಇಂದಿಗೂ ಚುಚ್ಚುತ್ತದೆ, ಚುಚ್ಚುತ್ತದೆ ಎನ್ನುವುದೇ ನಾಚಿಕೆ. ಮುಂದಿನ ವಾರ ಇನ್ನೊಂದು ದೂರು, ಕಲ್ಲಾದಾಗ ಎಂಟು ಸೆಕೆಂಡ್ ಯಾರು ಹಿಡ್ಕೊಂಡು ಕೂರ್ತಾರೆ, ಕಡಿಮೆ ಮಾಡಿ. ಎರಡು ಹೆಜ್ಜೆ ಹೋಗಿ ಎಂಟನ್ನು ಇಳಿಸುತ್ತೇನೆ ಎಂದು ಅವನಿಗೆ ಹೇಳಿದ್ದರೆ ಅವನು ಅತ್ತ ತನ್ನ ನಾಲ್ಕನ್ನು ಎರಡು ಮಾಡುತ್ತಿದ್ದ, ಹತ್ತು ನಿಮಿಷದ ಕೆಲಸ. ಅವನ ಬಾಯಿಗೆ ಬೀಳುವುದಕ್ಕಿಂತ ಸೆಕೆಂಡ್ ಎಣಿಸುವ ಒಂದು ಕೆಪಾಸಿಟರ್ ಬದಲಾಯಿಸುವುದು ವಾಸಿ ಅನ್ನಿಸಿತು, ಅಕ್ಕಿಕಾಳಿಗಿಂತ ಚಿಕ್ಕದು, ದೊಡ್ಡದನ್ನು ತೆಗೆದು ಸಣ್ಣದನ್ನು ಬೆಸೆದಳು, ಎಂಟು ಹೋಗಿ ಮೂರಾಯಿತು. ಸಾಫ್ಟ್‌ವೇರಿನ ನಾಲ್ಕು ಬರುವ ಮೊದಲೇ ಸರ್ಕ್ಯೂಟಿನ ಮೂರು ಬಂದು ಕುತ್ತಿಗೆ ಹಿಸುಕುತ್ತದೆ, ಕೂಗಲು ಪುರುಸೊತ್ತು ಎಲ್ಲಿ. ಪರೀಕ್ಷೆಯ ಹಾಳೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ, ಆರಿತೇ? ಇನ್ನೂರು ಸಲ ಆರಿತು, ಇನ್ನೂರು ಟಿಕ್ ಹಾಕಿದಳು, ಎಪ್ಪತ್ತೋ ಎಂಬತ್ತೋ ಆದಮೇಲೆ ಕೂಗಲಿಲ್ಲವಲ್ಲ ಎಂದು ಅನ್ನಿಸಿತ್ತು, ಅನ್ನಿಸಿತ್ತು, ಅದನ್ನು ಅಲ್ಲಗಳೆದು ಪ್ರಯೋಜನವಿಲ್ಲ, ಕೂಗು ಅವನ ಕೆಲಸ, ಅವನೇ ನೋಡಿಕೊಳ್ಳಲಿ ಎಂದುಕೊಂಡು ಎಂಬತ್ತೊಂದನೆಯ ಟಿಕ್ ಹಾಕಿದ್ದಳು. ಹೊಸ ಡಬ್ಬಿ ಆರಿಸುವಾಗ ಗಲಾಟೆ ಮಾಡಲ್ಲ, ಒಳ್ಳೇದಾಯ್ತು ಎಂದು ಒಬ್ಬ ಗಿರಾಕಿ ಹೊಗಳಿ ಬರೆದಿದ್ದ.

ಫೋನು ನಡುಗಿತು, ಅಮ್ಮ, ಊಟ ಆಯ್ತೇನೇ, ಆಯ್ತಮ್ಮ, ಯಾಕೆ ದನಿ ಹಾಗಿದೆ, ಏನಿಲ್ಲ, ಕೆಲಸ, ಇಟ್ಟಳು, ಊಟ ಆಗಿರಲಿಲ್ಲ. ನಿನ್ನೆ ಮೇಜಿನೆದುರಿನ ಕುರ್ಚಿಯಲ್ಲಿ, ನಡೆದದ್ದನ್ನು ಹೇಳಲು ಬಂದ ಹಗ್ಗದವನು ಕೂತಿದ್ದ, ಮೇಲೆ ಹಗ್ಗ ಹಿಡಿದಿದ್ದವನು, ಐವತ್ತರ ಹತ್ತಿರದವನು, ಕೈಯೆಲ್ಲ ಹಗ್ಗ ಉಜ್ಜಿದ ಗೆರೆ, ತಲೆಯನ್ನು ಬಲಕ್ಕೆ ವಾಲಿಸಿ ಒಂದು ಕಿವಿಯನ್ನು ಕೆಳಕ್ಕೆ ತಿರುಗಿಸಿಯೇ ಮಾತಾಡುತ್ತಿದ್ದ, ಇಪ್ಪತ್ತೆರಡು ವರ್ಷ ಟ್ಯಾಂಕಿನ ಬಾಯಿಗೆ ಕಿವಿ ಕೊಟ್ಟು ಕೂತ ಕುತ್ತಿಗೆ, ಮನೆಯಲ್ಲೂ ಹಾಗೇ ಅಂತೆ. ಇಳಿದವನು ನನ್ನ ತಂಗಿ ಗಂಡ ಅಮ್ಮ, ನಾನೇ ಈ ಕೆಲಸಕ್ಕೆ ಹಚ್ಚಿದ್ದು. ಫೋನು ಮನೇಲೇ ಬಿಟ್ಟು ಬರ್ತೀನಿ ನಾನು, ಯಾರನ್ನಾದ್ರೂ ಕೇಳಿ. ಅದು ಕೂಗಲಿಲ್ಲ. ಕೂಗಿದ್ರೆ ಎಳೀತಿದ್ದೆ, ಎಳೆಯೋದಕ್ಕೇ ಅಲ್ವಾ ನಾನು ಕೂತಿರೋದು. ಏಣಿ ತಬ್ಕೊಂಡು ಸ್ವಲ್ಪ ಹೊತ್ತು ನಿಂತ, ಕಾಲು ಜಾರ್ತಿದೆ ಭಾವ ಅಂದ, ನಿಧಾನ ಇಳಿಯೋ ಅಂದೆ, ಅಷ್ಟೇ ಕೊನೇ ಮಾತು. ತಂಗಿ ಬಾಗಿಲು ತೆಗೀತಿಲ್ಲ ಅಮ್ಮ. ಒಳಗಿಂದಾನೇ ಕೇಳ್ತಾಳೆ, ನೀನು ಮೇಲೇ ಇದ್ಯಲ್ಲ ಅಣ್ಣ. ಇಷ್ಟು ಹೇಳಿ ಮೇಜಿನ ಮೇಲಿದ್ದ ಡಬ್ಬಿಯತ್ತ ತಲೆ ವಾಲಿಸಿದ, ಕೂಗೀತೇನೋ ಎಂಬಂತೆ, ಅವಳಿಗೆ ಅವನ ಮುಖ ನೋಡಲಾಗಲಿಲ್ಲ, ಕಿವಿಯನ್ನಷ್ಟೇ ನೋಡಿದಳು. ರಾತ್ರಿ ಹಲ್ಲುಜ್ಜುವಾಗ ಆ ಕಿವಿ, ಬೆಳಿಗ್ಗೆ ಬಸ್ಸಿನಲ್ಲಿ ಮುಂದೆ ಕೂತವನ ತಲೆ ವಾಲಿತು, ಬರೀ ತೂಕಡಿಕೆ, ಆದರೂ ಇಳಿದು ನಡೆದುಬಿಟ್ಟಳು.

ಮೂರೂವರೆ. ಚೀಲ ಬಿಚ್ಚಿದಳು, ಒರೆಸಲಿಲ್ಲ, ಡಬ್ಬಿಯನ್ನು ಅಂಗಿಯ ಜೇಬಿಗೆ ಸಿಕ್ಕಿಸಿ ಬಟನ್ ಒತ್ತುವಂತೆ ಕಬ್ಬಿಣದ ಮೇಜಿನಂಚಿಗೆ ಎದೆ ಆನಿಸಿ ಬಗ್ಗಿದಳು, ಕಾಲು ಜಾರಿದವನು ಏಣಿಯ ಅಡ್ಡಪಟ್ಟಿಯನ್ನು ತಬ್ಬಿದ ಹಾಗೆ, ಒಂದು, ಎರಡು, ಮೂರು. ತಲೆ ತಗ್ಗಿಸಿ ನೋಡಿದಳು, ಐದು ಸೆಕೆಂಡ್, ಹತ್ತು ಸೆಕೆಂಡ್, ದೀಪವಿಲ್ಲ. ಇಂಥವು ಆರುನೂರ ನಲವತ್ತು ಹೊರಗಿವೆ, ಈ ಹೊತ್ತಿಗೆ ಎಷ್ಟು ಏಣಿಗಳ ಮೇಲೆ. ಏನ್ ಮೇಡಂ, ಹುಷಾರಿಲ್ವಾ — ಸಾಫ್ಟ್‌ವೇರಿನವನೇ, ಏಳು ತಿಂಗಳಾದಮೇಲೆ ಬಾಯಿಂದಲೇ. ಇಲ್ಲಿ ಬಾ, ಅಂದಳು, ಮತ್ತೆ ಆನ್ ಮಾಡಿ ಮತ್ತೆ ಒತ್ತಿದಳು, ಕೇಳು. ಅವನು ಬಂದು ನಿಂತ, ಏನ್ ಕೇಳ್ಲಿ, ಏನೂ ಕೇಳಿಸ್ತಿಲ್ಲ. ಹೌದು ಅಂದಳು. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ನನ್ನದು ನಾಲ್ಕು ಇತ್ತಲ್ಲ, ನಿಮ್ಮದು ಎಂಟು ಅಂದ, ಮೂರಾಗಿದೆ, ಮಾಡಿದ್ದು ನಾನೇ, ನಿನಗೆ ಹೇಳಲಿಲ್ಲ ಅಂದಳು, ಮೇಡಂ, ರಿಪೋರ್ಟಲ್ಲಿ ಹಾಗೇ ಬರೀಬೇಡಿ, ಕೂತು ಮಾತಾಡೋಣ, ಮ್ಯಾನೇಜರ್‌ನ ಕರೀತೀನಿ ಅಂದ. ಅವಳು ಬರೆಯುತ್ತಿದ್ದಳು. ಮೂರು ಸೆಕೆಂಡ್ ಒತ್ತಿದರೆ ಈ ಉಪಕರಣ ಕೂಗದೆ ಆರುತ್ತದೆ. ಬದಲಾವಣೆ ಮಾಡಿದವಳು ನಾನು, ಯಾರಿಗೂ ತಿಳಿಸಿಲ್ಲ. ಮೇಲಿದ್ದವನಿಗೆ ಕೇಳಿಸುವಂಥದ್ದು ಏನೂ ಇರಲಿಲ್ಲ. ಎಲ್ಲ ಡಬ್ಬಿಗಳನ್ನೂ ಈಗಲೇ ಮೇಲೆ ತರಿಸಿ. ಮ್ಯಾನೇಜರಿಗೆ, ಗಿರಾಕಿಗಳಿಗೆ, ವಿಚಾರಣೆಯವರಿಗೆ, ಕಳಿಸಿದಳು, ಎದೆ ಹಗುರಾಗುತ್ತದೆ ಎಂದು ಯಾರು ಹೇಳಿದವರು, ಏನೂ ಆಗಲಿಲ್ಲ, ಮ್ಯಾನೇಜರ್ ಕೋಣೆಯ ಬಾಗಿಲು ದಢ್ಢನೆ ತೆರೆದುಕೊಂಡಿತು, ಹೆಜ್ಜೆ ಈ ಕಡೆಗೇ, ಅವಳು ತಿರುಗಲಿಲ್ಲ — ಖಾಲಿ ಕುರ್ಚಿ, ಟ್ಯಾಂಕಿನ ದುಂಡು ಬಾಯಿ, ಹತ್ತೂ ನಲವತ್ತಮೂರು, ಹತ್ತೂ ನಲವತ್ತನಾಲ್ಕು, ಹಗ್ಗ ಅಲ್ಲಾಡುತ್ತಿಲ್ಲ, ಕೆಳಗಿನಿಂದ ಸದ್ದಿಲ್ಲ, ಸದ್ದಿಲ್ಲ ಎಂದರೆ ಎಲ್ಲ ಸರಿಯಿದೆ ಎಂದು ನಂಬಿದ ಆ ಕಿವಿ, ವಾಲಿದ ಕುತ್ತಿಗೆ, ಕಿವಿ, ಇನ್ನೂ ಕೇಳಿಸಿಕೊಳ್ಳುತ್ತಿರುವ —