ನೆನೆಸಿಟ್ಟ ಬಟ್ಟೆ

“ನಾನು ಈ ಚರ್ಚಿಗೆ ಬರ್ತಿರೋ ತನಕ ಇಲ್ಲಿನ ಮೇಜಿನ ಮೇಲೆ ಕೊಳೆ ಬಟ್ಟೆ ಇರಲ್ಲ” ಎಂದು ಅತ್ತೆ ಹೊಸ ಮದುವಣಗಿತ್ತಿಯಾಗಿದ್ದಾಗ ಸಭೆಯ ಮುಂದೆ ಮಾತು ಕೊಟ್ಟಿದ್ದರಂತೆ. ಈಗ ಅತ್ತೆಯನ್ನು ನಡುಮನೆಯಲ್ಲಿ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಪ್ರಭುಭೋಜನದ ಮೇಜಿಗೆ ಹಾಸುವ ಆ ಬಿಳಿ ಬಟ್ಟೆಯನ್ನು ಸೊಸೆ ಬಚ್ಚಲಲ್ಲಿ ಹಿಂಡುತ್ತಿದ್ದಳು. ನಿನ್ನೆ ಅದನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು, ಸ್ವಲ್ಪ ಒರಗ್ತೀನಿ ಅಂತ ಹೋದ ಅತ್ತೆ ಮತ್ತೆ ಏಳಲೇ ಇಲ್ಲ.

“ಅಮ್ಮನ್ನ ಎತ್ತೋ ಹೊತ್ತಲ್ಲಿ ಬಟ್ಟೆ ಒಗೀತಿದ್ದೀಯಲ್ಲ, ನಿಂಗೇನು ತಲೆ ಕೆಟ್ಟಿದೆಯಾ?” ನಾದಿನಿ ಬಾಗಿಲಲ್ಲಿ ನಿಂತು ಗದರಿದಳು.

“ಕೆಟ್ಟಿದೆ ಅಕ್ಕಾ. ಆ ತುದಿ ಹಿಡ್ಕೊಳ್ಳಿ.”

ಅವಳ ಹಿಂದೆಯೇ ಪಾಸ್ಟರ್ ಬಂದರು. ದನಿ ತಗ್ಗಿಸಿ ಕೇಳಿದರು: “ಕೊನೇ ತನಕ ನಂಬಿಕೇಲಿ ಗಟ್ಟಿಯಾಗಿ ನಿಂತ್ರು ಅಂತ ಪ್ರಸಂಗದಲ್ಲಿ ಹೇಳಬೇಕು ಅಂತಿದ್ದೀನಿ. ಜೊತೇಲಿದ್ದವರು ನೀವು. ಹೇಳಬಹುದಲ್ಲಮ್ಮಾ?”

ಸೊಸೆ ಬಟ್ಟೆಯನ್ನು ಇನ್ನೊಂದು ಸುತ್ತು ತಿರುಚಿದಳು. ಹೌದೆಂದರೆ ಪೆಟ್ಟಿಗೆಯ ಮುಂದೆಯೇ ಸುಳ್ಳು. ಇಲ್ಲವೆಂದರೆ ಅತ್ತೆಯ ಮರ್ಯಾದೆ ಮಣ್ಣುಪಾಲು. ಅಸಲಿಗೆ ಯಾವುದು ಸುಳ್ಳೆಂದು ಅವಳಿಗೇ ಗೊತ್ತಿರಲಿಲ್ಲ.

*

ಕಿರಿಮಗ ತೀರಿಕೊಂಡ ಮೇಲೆ ಅತ್ತೆ ಪ್ರಾರ್ಥನೆ ನಿಲ್ಲಿಸಿದ್ದರು. ಊಟಕ್ಕೆ ಮುಂಚೆ ಎಲ್ಲರೂ ಕಣ್ಣು ಮುಚ್ಚಿದರೆ ಇವರು ತಟ್ಟೆಯನ್ನೇ ದುರುಗುಟ್ಟಿ ನೋಡುವರು. ಆದರೆ ಶನಿವಾರ ಬಂತೆಂದರೆ ಮಂಡಿ ಹಿಡಿದುಕೊಂಡು ಬಚ್ಚಲಿಗೆ ನಡೆಯುವರು. ದ್ರಾಕ್ಷಾರಸದ ಕಲೆಗೆ ನಿಂಬೆಹೋಳು ಉಜ್ಜುತ್ತಿದ್ದವರನ್ನು ಒಮ್ಮೆ ಸೊಸೆ ಕೆಣಕಿದ್ದಳು.

“ಪ್ರಾರ್ಥನೇನೇ ಬೇಡ ಅಂದಮೇಲೆ ಇದ್ಯಾಕತ್ತೆ?”

“ನಿನ್ನ ಮಾವನ ಜೊತೆ ಒಂದು ವರ್ಷ ಮಾತು ಬಿಟ್ಟಿದ್ದೆ. ಅಡುಗೆ ಬಿಟ್ಟಿದ್ನಾ?”

“ಓಹೋ, ದೇವರ ಹತ್ರ ಜಗಳಾನಾ? ರಾಜಿ ಯಾವಾಗ?”

“ಮೊದಲು ಅವನು ಮಾತಾಡಿಸಲಿ. ನೀನು ಆ ಚೊಂಬು ಕೊಡು.”

ನಂಬಿಕೆಯೋ, ಹಟವೋ, ಬರೀ ಕೈಯ ರೂಢಿಯೋ? ಸೊಸೆ ಚೊಂಬು ತುಂಬಿ ಕೊಟ್ಟಿದ್ದಳು.

*

“ಏನು ಹೇಳಲಮ್ಮಾ?” ಪಾಸ್ಟರ್ ಮತ್ತೆ ಕೇಳಿದರು.

“ನಂಗೊತ್ತಿಲ್ಲ ಪಾಸ್ಟರ್. ದೇವರ ಹತ್ರ ಮಾತು ಬಿಟ್ಟಿದ್ರು. ನಿನ್ನೆ ಇದನ್ನ ನೆನೆಸಿಟ್ರು. ಎರಡೂ ಹೇಳಿ.”

“ಅಮ್ಮನ ಮಾನ ಕಳೀಬೇಡ್ವೇ!” ನಾದಿನಿ ಅವಳ ತೋಳು ಚಿವುಟಿದಳು. ಇನ್ನೊಂದು ಕೈಲಿ ಹಿಡಿದ ಬಟ್ಟೆಯ ತುದಿಯನ್ನು ಮಾತ್ರ ಬಿಡಲಿಲ್ಲ.

ಇಬ್ಬರೂ ಸೇರಿ ಹಿಂಡಿದರು. ಸೊಸೆ ಇಸ್ತ್ರಿಪೆಟ್ಟಿಗೆ ಒತ್ತಿದಾಗ ಬುಸ್ಸೆಂದು ಹಬೆ ಎದ್ದಿತು. ಪೂರಾ ಒಣಗಿಸಲು ಪುರುಸೊತ್ತಿರಲಿಲ್ಲ. ಹೊರಗೆ ಗಾಡಿ ಬಂದು ನಿಂತಾಗಿತ್ತು.

ಚರ್ಚಿನಲ್ಲಿ ಪೆಟ್ಟಿಗೆಯನ್ನು ಮೇಜಿನ ಮುಂದೆ ಇಳಿಸಿದರು. ಪಾಸ್ಟರ್ ಎರಡನ್ನೂ ಹೇಳಿದರು, ತಡವರಿಸುತ್ತಲೇ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಸೊಸೆ ತಲೆಯೆತ್ತಿ ನೋಡಿದಳು. ಫ್ಯಾನಿನ ಗಾಳಿಗೆ ಬಿಳಿ ಬಟ್ಟೆಯ ಅಂಚೆಲ್ಲ ಹಾರುತ್ತಿತ್ತು. ಒಣಗದ ಒಂದು ಮೂಲೆ ಮಾತ್ರ ಮೇಜಿನ ಮರಕ್ಕೆ ಅಂಟಿಕೊಂಡಿತ್ತು.

ಬಟ್ಟೆಯಲ್ಲಿ ಕೊಳೆ ಇರಲಿಲ್ಲ. ಅತ್ತೆ ಕೊಟ್ಟ ಮಾತು ಉಳಿಯಿತು.