ಗಾಳಿ ಜಗ್ಗುವ ಕ್ಯಾಬಿನೆಟ್

ಕಾವ್ಯಾ ‘ನೀ’ ಅಂದಾಗಲೆಲ್ಲ ಸುಚಿತ್ರಾಳ ಎದೆಯಲ್ಲಿ ಚುರ್ ಎನ್ನುತ್ತಿತ್ತು.

“ನೀ ಸುಮ್ನ ಕುಂದ್ರು ಮಾವಾ. ಇರೂ ರೊಕ್ಕ ಎಲ್ಲಾ ಪ್ರೊಸೆಸರಿಗೇ ಸುರದ್ರ ಗ್ರಾಫಿಕ್ಸ್ ಕಾರ್ಡಿಗೆ ಏನ್ ಉಳೀತೈತಿ? ನೀ ಗೇಮ್ ಆಡಾಂವೋ, ಬರೇ ಲೆಕ್ಕ ಬರಿಯಾಂವೋ?”

“ಆಡಾಂವ,” ಎಂದು ಸುಚಿತ್ರಾಳ ಗಂಡ ವಿಜಯಮಹಾಂತೇಶ ನಕ್ಕ.

“ಹಂಗಾದ್ರ ಪ್ರೊಸೆಸರ್ ನಡುವಿನ ದರದ್ದು ಸಾಕು, ಕಾರ್ಡ್ ಚಲೋದು ತಗೋ. ಎರಡೂ ಜೋಡಿ ಕೂಡಬೇಕು. ಒಂದ್ ಎತ್ತು ಓಡಿ ಇನ್ನೊಂದು ನಿಂತ್ರ ಚಕ್ಕಡಿ ಗಟಾರಕ್ಕ ಬೀಳ್ತೈತಿ.”

ಸುಚಿತ್ರಾ ಅಂಗಡಿಯ ಮೂಲೆಯ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕೇಳುತ್ತಿದ್ದಳು. ಗಂಡನಿಗೆ ತಾನು ಇಂದಿಗೂ ‘ರಿ’ ಹಚ್ಚಿಯೇ ಮಾತಾಡಬೇಕು. ಹೆಸರು ಹಿಡಿಯುವ ಹಾಗಿಲ್ಲ. ಇವಳಿಗೆ ಆ ಯಾವ ಕಟ್ಟೂ ಇಲ್ಲ. ಕಾವ್ಯಾ ಅವನ ಸೋದರಮಾವನ ಮಗಳು. ರಾಣೆಬೆನ್ನೂರಿನಲ್ಲಿ ಸ್ವಂತ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡವಳು. ಮದುವೆಯಾದ ಹೊಸತರಲ್ಲೇ ಅತ್ತೆ ಬಸವಣ್ಣೆವ್ವ ರೊಟ್ಟಿ ಬಡಿಯುತ್ತ ಹೇಳಿದ್ದರು: “ನಮ್ಮಣ್ಣನ ಮಗಳ್ನ ತರಬೇಕಂತಿದ್ವಿ. ಆಕೀನ ಒಲ್ಲೆ ಅಂದ್ಲು. ಇರ್ಲಿ ಬಿಡು, ನೀನೂ ಚಲೋನ ಅದಿ.”

ಆ ಮಾತು ಮುರಿದ ಮುಳ್ಳಿನ ಹಾಗೆ ಒಳಗೇ ಕೂತಿತ್ತು. ಅವಳು ಒಲ್ಲೆ ಎಂದದ್ದಕ್ಕೆ ತಾನು ಬಂದವಳು. ಅವಳು ಹೂಂ ಎಂದಿದ್ದರೆ?

ಕಾವ್ಯಾ ಕಂಪ್ಯೂಟರಿನ ಭಾಗಗಳನ್ನು ಕೂರಿಸುವ ದೊಡ್ಡದೊಂದು ಪೆಟ್ಟಿಗೆ, ಕ್ಯಾಬಿನೆಟ್, ತಂದು ಮುಂದಿಟ್ಟಳು. ಎದುರು ಮೈಯೆಲ್ಲ ತೂತುತೂತಿನ ಜಾಳಿಗೆ, ಒಳಗೆ ಸಾಲಾಗಿ ಮೂರು ಫ್ಯಾನು.

“ಇದ ಬೇಕು ಮಾವಾ. ಗಾಳಿ ಜಗ್ಗಿದಷ್ಟೂ ಕಾರ್ಡ್ ತಂಪಿರ್ತೈತಿ.”

ಜಾಳಿಗೆ ಕಂಡೊಡನೆ ಸುಚಿತ್ರಾಳಿಗೆ ಬ್ಯಾಡಗಿಯ ಮನೆ ಕಣ್ಣಿಗೆ ಕಟ್ಟಿತು. ಹಿತ್ತಲಿಗೆ ಹೊಂದಿಕೊಂಡೇ ಮಾವನವರ ಮೆಣಸಿನಕಾಯಿ ಗೋದಾಮು. ತವರೂರು ಅಗಡಿಯಿಂದ ಬಂದ ಹೊಸ ಸೊಸೆಗೆ ಅತ್ತೆ ಕಲಿಸಿದ ಮೊದಲ ಪಾಠವೇ ಇದು: ಗೋದಾಮಿನಲ್ಲಿ ಕಾಯಿ ಆರಿಸುವಾಗ ಕೆಳಗಿನ ಖೋಲಿಯಲ್ಲಿ ಫ್ಯಾನ್ ಹಚ್ಚಬಾರದು. ಹಚ್ಚಿದರೆ ಖಾರದ ಧೂಳೆಲ್ಲ ಒಳಗೆ. ಅದರಲ್ಲೇ ಹುಟ್ಟಿ ಬೆಳೆದು ರೂಢಿಯಾದ ವಿಜಯಮಹಾಂತೇಶನಿಗೆ ಘಾಟಿನ ನೆನಪೂ ಇರಲಿಲ್ಲ.

“ಅಲ್ರಿ, ನಮ್ಮನ್ಯಾಗ ಧೂಳು...”

“ನಿನಗ ಇದೆಲ್ಲಾ ತಿಳಿಯೂದಿಲ್ಲ ಬಿಡು.” ವಿಜಯಮಹಾಂತೇಶ ನಡುವೆಯೇ ತಡೆದ. “ಕೀಬೋರ್ಡಿನ ಲೈಟಿನ ಬಣ್ಣ ಯಾವುದಿರ್ಲಿ, ಅದನ್ನ ಹೇಳು.”

ಕಾವ್ಯಾ ತಿರುಗಿ ನೋಡಿದಳು. “ಏನಕ್ಕಾ? ಏನೋ ಅಂದ್ರಿ?”

“ಏನಿಲ್ಲ,” ಎಂದಳು ಸುಚಿತ್ರಾ. “ನೀಲಿ ಇರ್ಲಿ.”

ಆಗಲಿ. ಕಾವ್ಯಾ ಎಲ್ಲ ಬಲ್ಲವಳಲ್ಲವೇ, ತಾನೇ ತಿಳಿಯಲಿ. ಹಾವೇರಿಯಲ್ಲಿ ಮಾನಿಟರ್ ಕೊಂಡು ಬ್ಯಾಡಗಿಗೆ ಮರಳುವವರೆಗೂ ಧೂಳಿನ ಆ ಮಾತನ್ನು ಅವಳು ಬಾಯೊಳಗೆ ಬೆಲ್ಲದ ಚೂರಿನಂತೆ ಇಟ್ಟುಕೊಂಡು ಚೀಪಿದಳು.

ಕಾವ್ಯಾ ಕಂಪ್ಯೂಟರ್ ಜೋಡಿಸಲು ಬಂದದ್ದು ಮೆಣಸಿನಕಾಯಿ ಮಾರ್ಕೆಟ್ ದಿನವೇ. ಹಿತ್ತಲ ಗೋದಾಮಿನಲ್ಲಿ ಕಾಯಿಯ ಚೀಲ ಸುರಿಯುವ ಸದ್ದು. ಕೆಳಗಿನ ಖೋಲಿಯಲ್ಲಿ ಎರಡು ತಲೆಗಳು ಒಂದೇ ಪೆಟ್ಟಿಗೆಯೊಳಗೆ ಬಾಗಿದ್ದವು.

“ಅಕ್ಕಾ, ಸ್ವಲ್ಪ ಬೆಳಕ ಹಿಡೀರಿ.”

ಸುಚಿತ್ರಾ ಮೊಬೈಲಿನ ಬೆಳಕು ಹಿಡಿದು ನಿಂತಳು. ತನ್ನ ಗಂಡನೂ ಅವಳೂ ಒಬ್ಬರನ್ನೊಬ್ಬರು ಚೆನ್ನಾಗಿ ಕಾಣಲೆಂದು ತಾನೇ ದೀಪ ಹಿಡಿದ ಹಾಗಿತ್ತು. ಸ್ಕ್ರೂ ಕೊಡುವಾಗ ಬೆರಳಿಗೆ ಬೆರಳು ತಾಗಿತೇ? ತಾಗಿತು. ಅವರಿಬ್ಬರಿಗೂ ಅದರ ಅರಿವೇ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಉರಿಯಿತು.

“ಹಚ್ಚು ಮಾವಾ!”

ಫ್ಯಾನುಗಳು ಗುಂಯ್ ಎಂದವು. ಕೀಬೋರ್ಡ್ ನೀಲಿಯಾಗಿ ಬೆಳಗಿತು. ಪರದೆ ಬೆಳಗಿದ ಮೇಲೆ ಕಾವ್ಯಾ ಗಾಳಿ ಹೊರಬೀಳುತ್ತಿದೆಯೇ ಎಂದು ನೋಡಲು ಪೆಟ್ಟಿಗೆಯ ಹಿಂಬದಿಗೆ ಮುಖ ಒಯ್ದಳು. ಅಷ್ಟರಲ್ಲಿ ಪಡಸಾಲೆಯಿಂದ ಬಸವಣ್ಣೆವ್ವನ ಸೀನು, ಅದರ ಬೆನ್ನಿಗೆ ಕೂಗು:

“ಯಾರವರು ಫ್ಯಾನ್ ಹಚ್ಚಿದವ್ರು? ನಿಮ್ಮ ಕೈಯಾಗ ಜೀವ ಉಳೀತೈತೇನ ನಂದು!”

ಖಾರದ ಧೂಳು ಮುಖಕ್ಕೇ ಬಡಿದು ಕಾವ್ಯಾ ಚೀರಿ ಕಣ್ಣು ಮುಚ್ಚಿಕೊಂಡಳು. ಸುಚಿತ್ರಾ ಕಾದಿದ್ದ ಗಳಿಗೆ ಅದೇ. ಆದರೆ ವಿಜಯಮಹಾಂತೇಶ ಒಂದೇ ಜಿಗಿತಕ್ಕೆ ಹೋಗಿ, ಹೆಗಲ ಮೇಲಿನ ಟವೆಲು ನೆನೆಸಿ ತಂದು, ಕಾವ್ಯಾಳ ಗಲ್ಲ ಹಿಡಿದೆತ್ತಿ ಕಣ್ಣೊರೆಸತೊಡಗಿದ. “ತಿಕ್ಕಬ್ಯಾಡ, ತಿಕ್ಕಬ್ಯಾಡ. ಮ್ಯಾಲ ನೋಡು.”

ತನಗೆ ಮೊದಲ ಸಲ ಘಾಟು ಬಡಿದಾಗ ಅವನು ಬಾಗಿಲಲ್ಲಿ ನಿಂತು ನಕ್ಕಿದ್ದ. ಸುಚಿತ್ರಾ ಹೋಗಿ ಸ್ವಿಚ್ ಆರಿಸಿದಳು. ಅವಳ ಕಣ್ಣಲ್ಲೂ ನೀರಿತ್ತು. ಖಾರದ್ದು ಎಂದುಕೊಳ್ಳಲು ಅಡ್ಡಿಯಿರಲಿಲ್ಲ.

ಕಾವ್ಯಾ ಮೂಗೊರೆಸಿಕೊಂಡು ಅವಳನ್ನೇ ನೋಡಿದಳು. “ಅಕ್ಕಾ, ಅಂಗಡ್ಯಾಗ ನೀವು ಧೂಳು ಅಂದಿದ್ರಿ. ಇದನ್ನ ಹೇಳಾಕ ಬಂದಿದ್ರಿ, ಹೌದಿಲ್ಲೋ?”

ವಿಜಯಮಹಾಂತೇಶನ ಕೈಯಲ್ಲಿ ಟವೆಲು ಹಾಗೇ ನಿಂತಿತು. “ನಿನಗ ಗೊತ್ತಿತ್ತು? ಮತ್ಯಾಕ ಸುಮ್ನಾದಿ?”

“ನೀವು ಬಣ್ಣ ಅಷ್ಟ ಕೇಳಿದ್ರಿ,” ಎಂದಳು ಸುಚಿತ್ರಾ.

ಕಾವ್ಯಾಳೇ ಮೊದಲು ನಕ್ಕಳು, ನಗುತ್ತ ಇನ್ನೆರಡು ಸಲ ಸೀನಿದಳು. “ಬೇಶ್ ಆತು ನೋಡು ಮಾವಾ. ಈ ಡಬ್ಬಿ ನಾ ತಿರುಗಿ ಒಯ್ತೇನಿ. ಬದ್ಲಿಗೆ ಬ್ಯಾರೇದನ್ನ ಅಕ್ಕನ ಆರಸ್ಲಿ.”

“ಮುಂದ ಮುಚ್ಚಿದ್ದು ಬೇಕು,” ಎಂದಳು ಸುಚಿತ್ರಾ. “ಗಾಳಿ ಬರೂ ಕಡೆ ತೆಗೆದು ತೊಳಿಯಾಕ ಬರೂ ಸಣ್ಣ ಜಾಳಿಗಿ ಇರ್ಬೇಕು. ಆಮ್ಯಾಲ ಇದನ್ನ ಮ್ಯಾಲಿನ ಖೋಲಿಗೆ ಒಯ್ಯಬೇಕು. ಕೆಳಗ ಬ್ಯಾಡ.”

ವಿಜಯಮಹಾಂತೇಶ ತಲೆಯಾಡಿಸಿದ. “ಹಂಗಾದ್ರ ನಾಳೆ ರಾಣೆಬೆನ್ನೂರಿಗೆ ಹೋಗೂಣೇನು?”

“ಹೋಗೂದ್ಯಾಕ್ರಿ?” ಎಂದಳು ಸುಚಿತ್ರಾ, ಅವನ ಕೈಯಿಂದ ಒದ್ದೆ ಟವೆಲು ತೆಗೆದುಕೊಳ್ಳುತ್ತ. “ಕಾವ್ಯಾ ಫೋಟೋ ಕಳಿಸ್ತಾಳ. ಇಲ್ಲೇ ಕುಂತು ಇಬ್ರೂ ಆರಸೋಣು.”