ಹೊಟ್ಟೆಯೊಳಗೆ ಕೇಳಿದ ದನಿ

ಕೊಕ್ಕರೆ ಮರಿಗಳನ್ನು ಸಾಕಿ ಕಾಡಿಗೆ ಬಿಡುವ ಕೇಂದ್ರದಲ್ಲಿ ಅಕ್ಕನದು ಬಾಯಿ ಮುಚ್ಚಿಕೊಂಡಿರುವ ಕೆಲಸ. ಅವಳನ್ನು ಬಲ್ಲವರಿಗೆಲ್ಲ ಇದೇ ದೊಡ್ಡ ತಮಾಷೆ. ಮಾತಿಗೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಏಳದ ಹೆಂಗಸು ಅವಳು. ಅಂಥವಳು ಬಿಳಿ ನಿಲುವಂಗಿ ತೊಟ್ಟು, ಮುಖಕ್ಕೆ ತೆಳುಬಟ್ಟೆ ಇಳಿಬಿಟ್ಟು, ಕೊಕ್ಕರೆಯ ತಲೆಯಂಥ ಗೊಂಬೆಯನ್ನು ಬಲಗೈಗೆ ಹಾಕಿಕೊಂಡು, ಸಂಜೆಯ ತನಕ ತುಟಿ ಪಿಟಕ್ಕೆನ್ನದೆ ಮರಿಗಳಿಗೆ ಗುಟುಕು ಕೊಡಬೇಕು.

ಮರಿ ಹೊರಬಂದಾಗ ಯಾರನ್ನು ಕಾಣುತ್ತದೋ ಅವರೇ ಅದಕ್ಕೆ ತಾಯಿ. ಅದಕ್ಕೂ ಮೊದಲು, ಮೊಟ್ಟೆಯೊಳಗಿರುವಾಗಲೇ, ಅದು ಹೊರಗಿನ ದನಿ ಕೇಳಿಸಿಕೊಂಡು ಚಿಂವ್ ಎಂದು ಉತ್ತರ ಕೊಡುತ್ತದೆ. ಅದಕ್ಕೇ ಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯ ಪಕ್ಕದಲ್ಲಿ ಕೊಕ್ಕರೆಯ ಕೂಗನ್ನು ಸ್ಪೀಕರಿನಲ್ಲಿ ಹಾಕುತ್ತಾರೆ. ಹಿಂದೊಮ್ಮೆ ಇಲ್ಲಿದ್ದ ಕೆಲಸಗಾರನೊಬ್ಬನಿಗೆ ಹಾಡು ಗುನುಗುವ ಚಟ. ಅವನು ಸಾಕಿದ ಹಕ್ಕಿ ಈಗಲೂ ಬೇರೆ ಕೊಕ್ಕರೆಗಳನ್ನು ಕಂಡರೆ ಕುಕ್ಕುತ್ತದೆ, ಮನುಷ್ಯರ ಮುಂದೆ ರೆಕ್ಕೆ ಬಿಚ್ಚಿ ಕುಣಿಯುತ್ತದೆ. ಎಲ್ಲಿಗೂ ಹೋಗದೆ ಕೂತಲ್ಲೇ ತಿನ್ನುವ ಅದಕ್ಕೆ ‘ಮನೆಯಳಿಯ’ ಎಂದು ಹೆಸರಿಟ್ಟಿದ್ದಾರೆ. ಹೆಸರು ಕೇಳಿದರೆ ನಗು ಬರುತ್ತದೆ, ಪಂಜರದ ಮುಂದೆ ನಿಂತರೆ ಬರುವುದಿಲ್ಲ.

ಕಳೆದ ವರ್ಷ ಅಕ್ಕ ತನ್ನ ತಂಗಿಯ ಮಗುವನ್ನು ಹೊತ್ತಳು. ಕಾಯಿಲೆಯಾಗಿ ತಂಗಿಯ ಗರ್ಭಕೋಶ ತೆಗೆದಿದ್ದರು. ಮಗು ತಂಗಿ ಮತ್ತು ಅವಳ ಗಂಡನದು, ಬಸಿರು ಮಾತ್ರ ಅಕ್ಕನದು. “ನನ್ನ ಮಗನಿಗೆ ಮೀಸೆ ಬಂತು. ಜಾಗ ಖಾಲಿ ಬಿದ್ದಿದೆ, ಬಾಡಿಗೆ ಬೇಡ ಬಿಡು” ಎಂದು ನಗೆಯಾಡುತ್ತಲೇ ಒಪ್ಪಿದ್ದಳು. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡವಳಿಗೆ ಸಂಜೆ ಮಾತಾಡಲು ಹೊಟ್ಟೆಯೊಳಗೇ ಜೊತೆ ಸಿಕ್ಕಿತು. ಬಸ್ಸಿಗೆ ಕಾಯುವಾಗ, ಬಟ್ಟೆ ಮಡಿಸುವಾಗ, ಮೇಲಧಿಕಾರಿಯ ಸಿಡುಕು, ಮೊಣಕಾಲು ನೋವು, ಪಕ್ಕದ ಮನೆಯವಳ ಜಂಬ, ಎಲ್ಲವನ್ನೂ ಅದಕ್ಕೆ ವರದಿ ಒಪ್ಪಿಸಿದಳು. ಬಸಿರಿನಲ್ಲಿ ಕೇಳಿದ ದನಿಯನ್ನೇ ಮಗು ಹುಟ್ಟಿದ ಮೇಲೂ ಹುಡುಕುತ್ತದೆ ಎಂಬುದು ಮೊಟ್ಟೆಗಳ ನಡುವೆ ಬದುಕುವ ಅವಳಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಹೆತ್ತು, ಮಗುವನ್ನು ತಂಗಿಯ ಮಡಿಲಿಗೆ ಹಾಕಿ, ಸ್ವಲ್ಪ ಚೇತರಿಸಿಕೊಂಡ ಮೇಲೆ ಅವಳು ತಂಗಿಯ ಮನೆಗೆ ಹೋದಳು. ಮೆಟ್ಟಿಲಲ್ಲೇ ಅಳು ಕೇಳಿಸುತ್ತಿತ್ತು. ಬಾಗಿಲು ತೆರೆದ ತಂಗಿ ತಲೆ ಬಾಚಿರಲಿಲ್ಲ, ಕಣ್ಣು ಊದಿತ್ತು.

“ಏನೇ ಇದು, ಬೀದಿಗೆಲ್ಲ ಕೇಳೋ ಹಾಗೆ ಅಳಿಸ್ತಿದ್ದೀಯ?” ಎಂದಳು ಅಕ್ಕ.

ಅಳು ಟಕ್ಕನೆ ನಿಂತಿತು. ತಂಗಿಯ ಭುಜದ ಮೇಲಿದ್ದ ಮಗು ದನಿ ಬಂದ ಕಡೆಗೆ ಮುಖ ತಿರುಗಿಸಿತು. ಅಕ್ಕನ ಎದೆ ತುಂಬಿ ಬಂತು. ತಂಗಿಯ ಮುಖ ಬಾಡಿಹೋಯಿತು.

ಕಾಫಿ ಮಾಡುತ್ತ ತಂಗಿ ಬೆನ್ನು ತಿರುಗಿಸಿಕೊಂಡೇ ಹೇಳಿದಳು. “ತಪ್ಪು ತಿಳ್ಕೋಬೇಡ ಅಕ್ಕ. ಫೋನಲ್ಲಿ ನಿನ್ನ ದನಿ ಕೇಳಿದ್ರೂ ಸುಮ್ಮನಾಗ್ತಾಳೆ. ನಾನು ಎಷ್ಟು ಮುದ್ದು ಮಾಡಿದ್ರೂ ಇಲ್ಲ. ನಾನು ಅವಳಿಗೆ ಯಾರೂ ಅಲ್ವೇನೋ ಅನ್ಸುತ್ತೆ. ಒಂದಷ್ಟು ದಿನ ಅವಳ ಮುಂದೆ ನೀನು ಮಾತಾಡಬೇಡ.”

ಅಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೊತ್ತವಳು ನಾನು, ನೋವು ತಿಂದವಳು ನಾನು, ಈಗ ಬಾಯಿ ಮುಚ್ಚಬೇಕಾದವಳೂ ನಾನೇ? “ಚೆನ್ನಾಗಿದೆ ಕಣೇ ನಿನ್ನ ನ್ಯಾಯ” ಎಂದವಳೇ ಕಾಫಿಯನ್ನೂ ಕುಡಿಯದೆ ಹೊರಟುಬಿಟ್ಟಳು.

ಸಿಟ್ಟು ಬೇಗ ಇಳಿಯಲಿಲ್ಲ. ತಂಗಿಯ ಫೋನನ್ನೂ ಎತ್ತಲಿಲ್ಲ. ಹೀಗಿರುವಾಗ ಕೇಂದ್ರದಲ್ಲಿ ಒಂದು ಮರಿ ಕಾಲು ಉಳುಕಿಸಿಕೊಂಡಿತು. ನಡುಗುತ್ತ ಬಂದು ಅವಳ ನಿಲುವಂಗಿಯ ಅಂಚಿನಡಿ ತಲೆ ತೂರಿಸಿತು. ಏನಾಯ್ತು ಪುಟ್ಟಾ ಎಂಬ ಮಾತು ಗಂಟಲ ತನಕ ಬಂತು, ಅವಳು ನುಂಗಿಕೊಂಡಳು. ಹೀಗೆ ನುಂಗಿದ್ದು ಅವಳಿಗೆ ಎಂದೂ ಅನ್ಯಾಯ ಅನ್ನಿಸಿರಲಿಲ್ಲ. ಮರಿ ತನ್ನದಲ್ಲ, ಕಾಡಿನ ಕೊಕ್ಕರೆಗಳ ಬಳಿ ಹೋಗಬೇಕಾದದ್ದು. ಹಕ್ಕಿಗಾಗಿ ಇಷ್ಟು ಮಾಡುವವಳಿಗೆ ಒಡಹುಟ್ಟಿದವಳಿಗಾಗಿ ಆಗುವುದಿಲ್ಲವೇ? ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅವಳು ಚೆನ್ನಾಗಿ ಅತ್ತಳು. ಆಮೇಲೆ ತಂಗಿಗೆ ಮೆಸೇಜು ಹಾಕಿದಳು: ಬರ್ತೀನಿ, ಮಾತಾಡಲ್ಲ.

ಅಂದಿನಿಂದ ರಜೆ ಸಿಕ್ಕಾಗಲೆಲ್ಲ ಹೋದಳು. ಬಾಟಲಿ ಕುದಿಸಿದಳು, ಬಟ್ಟೆ ಒಗೆದಳು. ಏನಾದರೂ ಹೇಳಬೇಕಿದ್ದರೆ ಕೈಸನ್ನೆ ಮಾಡಿದಳು. ತಂಗಿಯೇ ಮಗುವಿನ ಜೊತೆ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡಳು.

ಮಗುವಿಗೆ ಕತ್ತು ನಿಲ್ಲುವ ಹೊತ್ತಿಗೆ, ಒಂದು ಮಧ್ಯಾಹ್ನ, ತಂಗಿ ಒಳಗೆ ಹಾಲು ಬೆರೆಸುತ್ತಿದ್ದಳು. ಅಕ್ಕನ ತೋಳಿನಲ್ಲಿದ್ದ ಮಗು ಹಸಿವಿಗೆ ಅತ್ತು ಅತ್ತು ಕೆಂಪಾಯಿತು. ಎತ್ತಿ ಆಡಿಸಿದರೂ ನಿಲ್ಲಲಿಲ್ಲ. ಒಂದೇ ಒಂದು ಮಾತು ಸಾಕು, ಈಗ ಸುಮ್ಮನಾಗುತ್ತದೆ ಎಂದು ಅವಳ ಜೀವ ಹೊಡೆದುಕೊಂಡಿತು. ತುಟಿ ಕಚ್ಚಿ ಹಿಡಿದಳು.

“ಬಂದೆ ಬಂದೆ, ಆಯ್ತು ಕಂದಾ” ಎಂದಳು ತಂಗಿ ಒಳಗಿನಿಂದ.

ಅಳು ನಿಂತಿತು. ಮಗು ಅಕ್ಕನ ತೋಳಿನಲ್ಲೇ ಹೊರಳಿ ಅಡುಗೆಮನೆಯ ಕಡೆ ನೋಡಿ ಕೈಕಾಲು ಬಡಿಯಿತು. ಬಾಗಿಲಿಗೆ ಬಂದ ತಂಗಿ ಬಾಟಲಿ ಹಿಡಿದುಕೊಂಡೇ ಅತ್ತುಬಿಟ್ಟಳು. ಅಕ್ಕನಿಗೆ ನಿಜವಾಗಿಯೂ ಸಂತೋಷವಾಯಿತು. ಮಗುವನ್ನು ಅವಳ ಕೈಗೆ ಕೊಟ್ಟಳು.

“ಸಾಕು ಅಕ್ಕ, ಇನ್ನು ಮಾತಾಡು” ಎಂದಳು ತಂಗಿ. “ಏನಾದ್ರೂ ಮಾತಾಡು.”

ಅಷ್ಟು ದಿನದ ಮಾತೆಲ್ಲ ಒಳಗೆ ಇತ್ತು. ಬಾಯಿಗೆ ಬಂದದ್ದು ಮಾತ್ರ ಇಷ್ಟೇ. “ಬಾಟ್ಲಿ ಇನ್ನೂ ಸ್ವಲ್ಪ ಎತ್ತಿ ಹಿಡಿ. ಗಾಳಿ ಕುಡೀತಾಳೆ.”

ಮಗು ದನಿಯತ್ತ ತಿರುಗದೆ, ಕಣ್ಣು ಮುಚ್ಚಿ ಹಾಲು ಕುಡಿಯುತ್ತಲೇ ಇತ್ತು.

ಅಕ್ಕ ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದಳು.